ತಂತಿಯ ಮೇಲೆ ಅರ್ಧ ನಿಮಿಷ

2024 ಮೇ 9, ಗುರುವಾರ
ಸಿಂಗಪುರ, ರಾತ್ರಿ 10.30

ಇವತ್ತು ಜಿಪ್‌ಲೈನ್‌ನಲ್ಲಿ, ಅಂದರೆ ಇಳಿಜಾರಾಗಿ ಕಟ್ಟಿದ ತಂತಿಗೆ ನೇತಾಡಿಕೊಂಡು ಜಾರಿ, ಹೋಗಿ ಬಂದೆ. ಗುಡ್ಡದ ಮೇಲಿಂದ ಹೊರಟು, ಕಾಡು ದಾಟಿ, ಮರಳು ದಾಟಿ, ಕೊನೆಗೆ ಸಮುದ್ರದ ನೀರಿನ ಮೇಲೆ. ಅಂಗೈ ಇನ್ನೂ ಪಟ್ಟಿ ಹಿಡಿದುಕೊಂಡ ಹಾಗೇ ಬಿಸಿಯಾಗಿದೆ. ಮಗಳು ಮಲಗಿದಳು. ನನಗೆ ನಿದ್ದೆ ಹತ್ತುತ್ತಿಲ್ಲ. ಮರೆಯುವ ಮೊದಲು ಬರೆದಿಡುತ್ತೇನೆ.

ಇಲ್ಲಿಗೆ ಬಂದು ಎಂಟು ದಿನ ಆಯಿತು. ಏಪ್ರಿಲ್ 26ಕ್ಕೆ ನಮ್ಮ ಜಿಲ್ಲೆಯಲ್ಲಿ ಮತದಾನ ಇತ್ತು. ಚುನಾವಣಾ ಡ್ಯೂಟಿ ಮುಗಿಸಿ, ಶಾಲೆಗೆ ಬೇಸಿಗೆ ರಜೆ ಇದ್ದಾಗಲೇ ಮಗಳ ಮನೆಗೆ ಹೊರಟು ಬಂದೆ. ಇವತ್ತು ಅವಳೂ ಆಫೀಸಿಗೆ ರಜೆ ಹಾಕಿದ್ದಳು.

ಬೆಳಿಗ್ಗೆ ಎದ್ದಾಗ ಜೋರು ಮಳೆ. ಗಾಳಿಗೆ ಕಿಟಕಿಯೇ ಅದುರುತ್ತಿತ್ತು. ಹೋಗುವುದು ಸಾಧ್ಯವಿಲ್ಲ ಅಂದುಕೊಂಡೆ. ಮಗಳು ಮಾತ್ರ ನಿಧಾನವಾಗಿ ದೋಸೆ ಹೊಯ್ಯುತ್ತಾ, "ಇದು ಸುಮಾತ್ರಾ ಮಳೆ ಅಮ್ಮ, ಹತ್ತು ಗಂಟೆಗೆ ಬಿಸಿಲು ಬರ್ತದೆ ನೋಡು" ಅಂದಳು. ಪಶ್ಚಿಮಕ್ಕೆ ಸುಮಾತ್ರಾ ದ್ವೀಪ ಇದೆ. ರಾತ್ರಿ ಅಲ್ಲಿ, ಮಲಕ್ಕಾ ಜಲಸಂಧಿಯ ಮೇಲೆ ಮೋಡ ಸಾಲುಗಟ್ಟಿ, ಬೆಳಗಿನ ಜಾವಕ್ಕೆ ಸಿಂಗಪುರದ ಮೇಲೆ ಬಂದು ಸುರಿದು ಹೋಗುತ್ತದೆ. ಒಂದೆರಡು ಗಂಟೆ ಅಷ್ಟೆ. ನಮ್ಮ ಕಡೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹಾಗಲ್ಲ, ಹಿಡಿದರೆ ವಾರ. ಅವಳು ಹೇಳಿದ ಹಾಗೇ ಹತ್ತೂವರೆಗೆ ಬಿಸಿಲು ಬಂತು.

ಹಾರ್ಬರ್‌ಫ್ರಂಟ್‌ವರೆಗೆ ಮೆಟ್ರೋ, ಅಲ್ಲಿಂದ ಸೆಂತೋಸಾ ದ್ವೀಪಕ್ಕೆ ಮೋನೊರೈಲು. ನೀರು ದಾಟಲು ಕೆಲವೇ ನಿಮಿಷ. ತಲೆಯ ಮೇಲೆ ಕೇಬಲ್ ಕಾರಿನ ತಂತಿ ಕಾಣುತ್ತದೆ. 1974ರಿಂದ ಇರುವ ತಂತಿ ದಾರಿ ಅದು. 1983ರ ಜನವರಿಯಲ್ಲಿ ಒಂದು ತೈಲ ಕೊರೆಯುವ ಹಡಗಿನ ಗೋಪುರ ಆ ತಂತಿಗೆ ಸಿಕ್ಕಿಕೊಂಡು ಎರಡು ಡಬ್ಬಿ ನೀರಿಗೆ ಬಿದ್ದವು. ಏಳು ಜನ ತೀರಿಕೊಂಡರು. ಉಳಿದ ಡಬ್ಬಿಗಳಲ್ಲಿ ಸಿಕ್ಕಿಬಿದ್ದ 13 ಜನರನ್ನು ಹೆಲಿಕಾಪ್ಟರಿನಿಂದ ಇಳಿಸಿದರು. ನಾನು ಬರುವ ಮೊದಲೇ ಇದನ್ನು ಓದಿಕೊಂಡಿದ್ದೆ. ಮಗಳಿಗೆ ಹೇಳಿದಾಗ, "ಇವತ್ತೇ ಇದನ್ನು ಹೇಳ್ಬೇಕಾ ಅಮ್ಮ?" ಅಂತ ನನ್ನ ಕೈ ಹಿಡಿದುಕೊಂಡಳು. ನನಗೆ ಅದು ಹೆದರಿಸುವ ಸುದ್ದಿ ಅನ್ನಿಸಿರಲಿಲ್ಲ. ತಂತಿಯ ಬಲ ಸಾಲದೆ ಆದದ್ದಲ್ಲ. ಹಡಗು ಅದಕ್ಕೆ ಸಿಕ್ಕಿಕೊಂಡು ಎಳೆಯಿತು. ತಂತಿ ಎಂಥದ್ದು, ಯಾವುದಕ್ಕೆ ಕಟ್ಟಿದ್ದಾರೆ, ಅದರ ದಾರಿಯಲ್ಲಿ ಏನಿದೆ, ಇಷ್ಟನ್ನು ನೋಡಬೇಕು ಅಂತ ನನಗೆ ಚಿಕ್ಕಂದಿನಿಂದ ಗೊತ್ತು.

ಸೆಂತೋಸಾ ಅಂದರೆ ನಮ್ಮ 'ಸಂತೋಷ'ವೇ. ಮಲಯ ಭಾಷೆಯಲ್ಲಿ ಅದಕ್ಕೆ ನೆಮ್ಮದಿ, ಶಾಂತಿ ಅನ್ನುವ ಅರ್ಥ. ಸಿಂಗಪುರ ಅಂದರೆ ಸಿಂಹಪುರ. ಇಲ್ಲಿನ ಬೋರ್ಡುಗಳಲ್ಲಿ ಇಂಥ ಹೆಸರು ಓದುವಾಗ ಗುರುತಿನವರು ಎದುರು ಸಿಕ್ಕ ಹಾಗೆ ಆಗುತ್ತದೆ. ಈ ದ್ವೀಪಕ್ಕೆ ಮೊದಲು ಇದ್ದ ಹೆಸರು ಪುಲಾವ್ ಬ್ಲಾಕಾಂಗ್ ಮಾತಿ. ಅದರಲ್ಲಿ 'ಮಾತಿ' ಅಂದರೆ ಸಾವು. ಬ್ರಿಟಿಷರು ಇಲ್ಲಿ ಫಿರಂಗಿ ನಿಲ್ಲಿಸಿದ್ದರು. ಸಿಲೋಸೊ ಕೋಟೆಯಲ್ಲಿ ಇವತ್ತಿಗೂ ಅವು ಇವೆ. 1970ರ ದಶಕದ ಆರಂಭದಲ್ಲಿ ಸೈನ್ಯ ಹೋಗಿ, ದ್ವೀಪ ಜನರ ವಿಹಾರಕ್ಕೆ ಅಂತಾದಾಗ ಹೆಸರೂ ಬದಲಾಯಿತು. ಸಾವಿನ ಹೆಸರು ತೆಗೆದು ಸಂತೋಷದ ಹೆಸರು ಇಟ್ಟವರ ಬಗ್ಗೆ ನನಗೆ ಗೌರವ ಬಂತು.

ಇಂಬಿಯಾ ಸ್ಟೇಷನ್ನಿನಲ್ಲಿ ಇಳಿದು ಗುಡ್ಡ ಹತ್ತಿದೆವು. ಮಳೆ ನಿಂತ ಮೇಲಿನ ಕಾಡು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲೋ ಒಂದು ನವಿಲು ಕೂಗಿತು. ಕಣ್ಣು ಮುಚ್ಚಿ ನಿಂತರೆ ನಮ್ಮೂರು ಸುಳ್ಯದ ಗುಡ್ಡವೇ.

ಈಗ ಅಪ್ಪನ ತಂತಿಯ ವಿಷಯ ಬರೆಯಬೇಕು. ಅದು ಇಲ್ಲದೆ ಇವತ್ತಿನದು ಅರ್ಥ ಆಗುವುದಿಲ್ಲ.

ನಮ್ಮ ಮನೆ ಪಯಸ್ವಿನಿ ಹೊಳೆಯ ಬದಿಯಲ್ಲಿ, ಅರಂಬೂರಿನ ಹತ್ತಿರ. ಹಿಂದೆ ಗುಡ್ಡ, ಕೆಳಗೆ ಅಡಿಕೆ ತೋಟ, ತೋಟದ ಮೇಲ್ಬದಿಗೆ ದನದ ಹಟ್ಟಿ. ಹಟ್ಟಿಗೆ ದಿನಾ ಸೊಪ್ಪು ಬೇಕು. ಗುಡ್ಡದಲ್ಲಿ ಸೊಪ್ಪು ಕಡಿದು, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಜಾರುವ ದಾರಿಯಲ್ಲಿ ಇಳಿಯುವುದು ಅಂದರೆ ಹೆಂಗಸರ ಕುತ್ತಿಗೆ ಹೋಗುತ್ತಿತ್ತು. ಒಂದು ವರ್ಷ ಅಪ್ಪ ದಪ್ಪ ಉಕ್ಕಿನ ತಂತಿ ತಂದರು. ಮೇಲೆ ಹಲಸಿನ ಮರಕ್ಕೆ, ಕೆಳಗೆ ಹಟ್ಟಿಯ ಹತ್ತಿರದ ಕಲ್ಲುಕಂಬಕ್ಕೆ ಕಟ್ಟಿದರು. ಹಳೆ ಬಾವಿಯ ರಾಟೆಗೆ ಕೊಕ್ಕೆ ಹಾಕಿ, ಕೊಕ್ಕೆಗೆ ಸೊಪ್ಪಿನ ಹೊರೆ ನೇತುಹಾಕಿ ಬಿಟ್ಟರೆ ಸರ್ರ್ ಅಂತ ಹೋಗುತ್ತಿತ್ತು. ಕಂಬಕ್ಕೆ ಬಡಿಯಬಾರದು ಅಂತ ಕೆಳಗೆ ಒಂದು ಹಳೆ ಟಯರು ಕಟ್ಟಿದ್ದರು. ಮರಕ್ಕೂ ತಂತಿಗೂ ನಡುವೆ ಟಯರಿನ ತುಂಡು ಇಟ್ಟಿದ್ದರು, ತೊಗಟೆ ಕುಯ್ಯಬಾರದಲ್ವಾ, ಅದಕ್ಕೆ.

ನಾವು ಮಕ್ಕಳು ಆ ತಂತಿಯನ್ನು ನೋಡಿಕೊಂಡೇ ಬೆಳೆದೆವು. ಹೊರೆ ಹೋಗುವ ಹಾಗೆ ನಾವೂ ಹೋಗಬೇಕು ಅನ್ನುವ ಆಸೆ. ಅಪ್ಪ ಎಂದೂ ಬಿಡಲಿಲ್ಲ. ಬಯ್ಯುತ್ತಲೂ ಇರಲಿಲ್ಲ. "ಇದು ಸೊಪ್ಪಿನ ಲೆಕ್ಕಕ್ಕೆ ಕಟ್ಟಿದ್ದು ಮಗಾ, ಮನುಷ್ಯರ ಲೆಕ್ಕ ಬೇರೆ" ಅನ್ನುತ್ತಿದ್ದರು.

ಮನುಷ್ಯರ ಲೆಕ್ಕದ ತಂತಿ ನಮ್ಮೂರಿಗೆ ಬಂದದ್ದು 1989ರಲ್ಲಿ. ಅಲ್ಲಿಯವರೆಗೆ ಹೊಳೆ ದಾಟಲು ದೋಣಿ. ಮಳೆಗಾಲದಲ್ಲಿ ನೀರು ಕೆಂಪಾಗಿ ಏರಿದರೆ ದೋಣಿ ಇಲ್ಲ, ಶಾಲೆ ಇಲ್ಲ. ನಾನು ಪ್ರೈಮರಿ, ಹೈಸ್ಕೂಲು ಎರಡೂ ಆ ರೀತಿ ಓದಿದವಳು. ಜುಲೈಯಲ್ಲಿ ಹೇಳಿಕೊಟ್ಟ ಪಾಠಗಳನ್ನು ಆಗಸ್ಟಿನಲ್ಲಿ ಗೆಳತಿಯರ ನೋಟ್ಸು ನೋಡಿ ಬರೆದುಕೊಳ್ಳುತ್ತಿದ್ದೆ. ನೀರು ಅಂದರೆ ನನಗೆ ಆಗ ಕೋಪ. ಆಚೆ ದಡ ಕಣ್ಣಿಗೆ ಕಾಣುತ್ತದೆ, ಹೋಗಲಿಕ್ಕೆ ಆಗುವುದಿಲ್ಲ. ಊರವರು ಹೋಗಿ ಸುಳ್ಯದ ಗಿರೀಶ್ ಭಾರದ್ವಾಜರನ್ನು ಕೇಳಿಕೊಂಡರು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ವರ್ಕ್‌ಶಾಪ್ ನಡೆಸುತ್ತಿದ್ದವರು ಅವರು. ಊರವರೂ ಕೈ ಹಾಕಿ, ಅರಂಬೂರಿನಲ್ಲಿ ತೂಗುಸೇತುವೆ ಆಯಿತು. ಅವರು ಕಟ್ಟಿದ ಮೊದಲ ತೂಗುಸೇತುವೆ ಅದೇ. ಆಮೇಲೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾ ಅಂತ ನೂರಕ್ಕೂ ಜಾಸ್ತಿ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಅರಂಬೂರಿನ ಸೇತುವೆ ಆದದ್ದು ನಾನು ಪಿಯುಸಿ ಓದುತ್ತಿದ್ದ ವರ್ಷ. ಮೊದಲ ಸಲ ಸೇತುವೆಯ ನಡುವೆ ನಿಂತು, ಕಾಲ ಕೆಳಗೆ ಕೆಂಪು ನೀರು ಹೋಗುವುದನ್ನು ನೋಡಿದ್ದು ಇವತ್ತಿಗೂ ನೆನಪಿದೆ. ಸೇತುವೆ ಸ್ವಲ್ಪ ತೂಗುತ್ತಿತ್ತು. ಅಪ್ಪ ನಡೆಯುವ ಹಲಗೆಗಿಂತ ಜಾಸ್ತಿ ಹೊತ್ತು ನೋಡಿದ್ದು ದಡದಲ್ಲಿ ಹಗ್ಗ ನೆಲಕ್ಕೆ ಇಳಿಯುವ ಜಾಗವನ್ನು.

ನಾನು ವಿಜ್ಞಾನದ ಟೀಚರ್ ಆದದ್ದಕ್ಕೆ ಇದೆಲ್ಲ ಕಾರಣ ಇರಬಹುದು.

ಇಂಬಿಯಾ ಗುಡ್ಡದ ಮೇಲೆ ಒಂದು ಕಟ್ಟೆ. ಅಲ್ಲಿಂದ ಮೂರು ತಂತಿ ಪಕ್ಕಪಕ್ಕದಲ್ಲಿ ಹೊರಡುತ್ತವೆ. ಸಮುದ್ರ ಮಟ್ಟದಿಂದ 75 ಮೀಟರ್ ಎತ್ತರ, 450 ಮೀಟರ್ ಉದ್ದ. ಅಂದರೆ ಸುಮಾರು ಆರು ಅಡಿ ಮುಂದಕ್ಕೆ ಹೋದರೆ ಒಂದು ಅಡಿ ಕೆಳಕ್ಕೆ. ಆಚೆ ತುದಿ ಸಿಲೋಸೊ ಬೀಚಿನ ಎದುರಿನ ಒಂದು ಪುಟ್ಟ ದ್ವೀಪದಲ್ಲಿ. ಇಲ್ಲಿಂದ ನೋಡಿದರೆ ಅದು ನೀರಿನಲ್ಲಿಟ್ಟ ಹಸಿರು ತಟ್ಟೆಯಷ್ಟು ಕಾಣುತ್ತದೆ. ಅದರಾಚೆ ಹಡಗುಗಳ ಸಾಲು.

ತೂಕ ನೋಡಿದರು. ಹೆಲ್ಮೆಟ್ ಹಾಕಿದರು. ಸೊಂಟಕ್ಕೆ, ತೊಡೆಗೆ ಅಗಲ ಪಟ್ಟಿ ಬಿಗಿದರು. ಇದಕ್ಕೆ ಅಂತಲೇ ನಾನು ಚೂಡಿದಾರ ಹಾಕಿಕೊಂಡು ಹೋಗಿದ್ದೆ. ಪಟ್ಟಿಯನ್ನು ಟ್ರಾಲಿಗೆ ಸಿಕ್ಕಿಸಿ, ಆ ಹುಡುಗ ಪ್ರತಿ ಕೊಕ್ಕೆಯನ್ನೂ ಮುಟ್ಟಿ, ಎಳೆದು ನೋಡಿದ. ಆಮೇಲೆ ಇನ್ನೊಬ್ಬಳು ಬಂದು ಅದನ್ನೇ ಮತ್ತೆ ಮೊದಲಿನಿಂದ ನೋಡಿದಳು. ನನಗೆ ಅದು ಬಹಳ ಹಿಡಿಸಿತು. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡುವುದು. ನಾನು ತಲೆ ಎತ್ತಿ ಟ್ರಾಲಿ ನೋಡಿದೆ. ಒಳಗೆ ರಾಟೆ. ಅಪ್ಪನ ರಾಟೆಯ ಮೊಮ್ಮಗನ ಹಾಗೆ, ಹೊಳೆಯುತ್ತಾ ಇತ್ತು.

ತಂತಿ ನೇರ ಇದ್ದ ಹಾಗೆ ಕಂಡರೂ ಸ್ವಲ್ಪ ಜೋತುಬಿದ್ದಿರುತ್ತದೆ, ಬೀಳಲೇಬೇಕು. ಇದನ್ನು ನಾನು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಬಟ್ಟೆ ಒಣಗಿಸುವ ಹಗ್ಗ ತೋರಿಸಿ ಹೇಳುತ್ತೇನೆ. 100 ಮೀಟರ್ ತಂತಿಯ ಸರಿ ಮಧ್ಯೆ 60 ಕಿಲೋ ಭಾರ ನೇತುಹಾಕಿ. ತಂತಿ ಐದು ಮೀಟರ್ ಜೋತರೆ, ಅದರೊಳಗಿನ ಎಳೆತ 300 ಕಿಲೋ ಭಾರದಷ್ಟು. ಜೋತು ಕಡಿಮೆ ಮಾಡಲು ಹೋಗಿ ಇನ್ನೂ ಬಿಗಿದರೆ ಎಳೆತ ಇನ್ನೂ ಏರುತ್ತದೆ. ತಂತಿಯನ್ನು ಪೂರ್ತಿ ನೇರ ಮಾಡಲು ಯಾರಿಂದಲೂ ಆಗುವುದಿಲ್ಲ. ಆ ಎಳೆತವೆಲ್ಲ ಹೋಗಿ ನಿಲ್ಲುವುದು ಎರಡು ತುದಿಗಳಲ್ಲಿ. ಅದಕ್ಕೇ ಅಪ್ಪ ತುದಿ ನೋಡುವುದು.

ಎಡ ತಂತಿಯಲ್ಲಿ ಮಗಳು, ಮಧ್ಯೆ ನಾನು, ಬಲಕ್ಕೆ ಒಬ್ಬ ದಪ್ಪ ಮೈಯ ಯುವಕ. ಬಾಗಿಲು ತೆರೆಯಿತು.

ಮೊದಲ ಕ್ಷಣ ಹೊಟ್ಟೆ ಹಿಂದೆಯೇ ಉಳಿಯಿತು. ಆಮೇಲೆ ಸದ್ದು. ಸರ್ರ್ ಅಂತ, ಅದೇ ಸದ್ದು! ಸೊಪ್ಪಿನ ಹೊರೆ ಹೋಗುವಾಗ ಬರುತ್ತಿದ್ದದ್ದು, ಅದಕ್ಕಿಂತ ನಯವಾಗಿ, ಜೋರಾಗಿ. ನಾನು ಮನಸ್ಸಿನಲ್ಲಿ ಎಣಿಸತೊಡಗಿದೆ. ಹತ್ತರವರೆಗೆ ಕಾಲ ಕೆಳಗೆ ಬರೀ ಮರಗಳ ನೆತ್ತಿ. ಮರವನ್ನು ಮೇಲಿಂದ ನೋಡುವುದು ಎಷ್ಟು ಅಪರೂಪ. ಒಂದೊಂದರ ಹಸಿರು ಒಂದೊಂದು ಥರ, ಚಿಗುರು ಇದ್ದಲ್ಲಿ ಕೆಂಪು. ಗಾಳಿಗೆ ಕಣ್ಣಲ್ಲಿ ನೀರು ಬಂತು. ಮಗಳು ಏನೋ ಕೂಗಿದಳು, ಕೇಳಿಸಲಿಲ್ಲ. ಇಪ್ಪತ್ತು ಎಣಿಸುವಾಗ ಕಾಡು ಮುಗಿದು ಮರಳು ಬಂತು. ಹೊರಗಿಂದ ತಂದು ಹಾಸಿದ ಮರಳಂತೆ ಅದು. ಇಬ್ಬರು ಮಕ್ಕಳು ತಲೆ ಎತ್ತಿ ಕೈ ಬೀಸಿದರು.

ಆಮೇಲೆ ನೀರು.

ನೀರಿನ ಮೇಲೆ ಇದ್ದದ್ದು ಏಳೆಂಟು ಎಣಿಸುವಷ್ಟು ಹೊತ್ತು. ಅಷ್ಟರಲ್ಲಿ ಒಂದನ್ನು ಕಂಡೆ. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲೆ ಇತ್ತು. ಇದು ಭೂಮಧ್ಯರೇಖೆ ಹತ್ತಿರದ ಊರು ಅಲ್ವಾ, ನೆರಳು ಹೆಚ್ಚುಕಡಿಮೆ ಕಾಲ ಕೆಳಗೇ ಬೀಳುತ್ತದೆ. ತಿಳಿ ಹಸಿರು ನೀರಿನಲ್ಲಿ ನನ್ನ ನೆರಳು ನನ್ನ ಜೊತೆಗೇ ಓಡುತ್ತಿತ್ತು. ಒಂದು ಸಣ್ಣ ಕಪ್ಪು ಹೊರೆ. ಎರಡು ಕಾಲು ಜೋತಾಡುವ ಹೊರೆ. ನನಗೆ ಜೋರಾಗಿ "ಅಪ್ಪಾ" ಅಂತ ಬಾಯಿಗೆ ಬಂತು.

ಮೂವತ್ತೈದಕ್ಕೆ ಒಂದು ಎಳೆತ, ಬ್ರೇಕು ಹಿಡಿದು ನಿಂತೆ.

ಬಲಗಡೆಯ ಯುವಕ ನಮಗಿಂತ ಮೊದಲೇ ಮುಟ್ಟಿ ನಗುತ್ತಾ ನಿಂತಿದ್ದ. ಇದನ್ನು ಕ್ಲಾಸಿನಲ್ಲಿ ಹೇಳಬೇಕು. ಗಾಳಿ ಇಲ್ಲದಿದ್ದರೆ, ಉಜ್ಜುವಿಕೆ ಇಲ್ಲದಿದ್ದರೆ ಮೂವರೂ ಒಟ್ಟಿಗೇ ತಲುಪಬೇಕು. 75 ಮೀಟರ್ ಇಳಿದವರ ವೇಗ ಗಂಟೆಗೆ ಸುಮಾರು 138 ಕಿಲೋಮೀಟರ್ ಆಗಬೇಕು. ಇಲ್ಲಿ ಹೇಳುವುದು ಹೆಚ್ಚೆಂದರೆ 60. ಉಳಿದದ್ದನ್ನು ಗಾಳಿ ಮತ್ತು ರಾಟೆ ತಿಂದುಬಿಡುತ್ತವೆ. ಭಾರ ಜಾಸ್ತಿ ಇದ್ದವರನ್ನು ಗಾಳಿಗೆ ಅಷ್ಟು ಸುಲಭವಾಗಿ ತಡೆಯಲು ಆಗುವುದಿಲ್ಲ. ಪಾಠದಲ್ಲಿ ನಾವು ಯಾವಾಗಲೂ "ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ" ಅಂತ ಬರೆಸುತ್ತೇವೆ. ಇವತ್ತು ಆ ಗಾಳಿ ನನ್ನ ಮುಖಕ್ಕೇ ಬಡಿಯಿತು. ಇನ್ನು ಮುಂದೆ ಆ ಸಾಲು ಬರೆಸುವಾಗ ಒಂದು ನಿಮಿಷ ನಿಂತು ಈ ಕತೆ ಹೇಳುತ್ತೇನೆ.

ದ್ವೀಪದಿಂದ ನಡೆದು ದಡಕ್ಕೆ ಬಂದು, ನೀರಿಗೆ ಕಾಲು ಇಳಿಬಿಟ್ಟು ಕುಳಿತೆವು. ಮಗಳು ಎಳನೀರು ತಂದಳು. ನಮ್ಮ ತಲೆ ಮೇಲೆ ಮತ್ತೆ ಮತ್ತೆ ಸರ್ರ್ ಸದ್ದು. "ಇನ್ನೊಂದು ಸಲ ಹೋಗುವನಾ ಅಮ್ಮ?" ಅಂದಳು. ಬೇಡ ಅಂದೆ. ಸಾಕಾಯಿತು ಅಂತಲ್ಲ, ತುಂಬಿತ್ತು.

ಸಂಜೆ ಏಳೂವರೆಗೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಐದು ಗಂಟೆ, ಅಪ್ಪ ಚಾ ಕುಡಿಯುತ್ತಿದ್ದರು. ಅವರಿಗೆ ಈಗ 84. ಕಿವಿ ಸ್ವಲ್ಪ ಮಂದ, ಗಟ್ಟಿಯಾಗಿ ಹೇಳಬೇಕು. ಎಲ್ಲ ಹೇಳಿದೆ. ಕಾಡು, ಮರಳು, ನೀರು, ನೆರಳು. ಅವರು ಹೂಂ ಹೂಂ ಅನ್ನುತ್ತಾ ಕೇಳಿದರು. ಹೆದರಿಕೆ ಆಯಿತಾ ಅಂತ ಕೇಳಲೇ ಇಲ್ಲ.

"ರಾಟೆ ಎಷ್ಟು ಉಂಟು?"

"ಡಬ್ಬಿಯ ಒಳಗೆ ಉಂಟು ಅಪ್ಪ, ಲೆಕ್ಕ ಮಾಡ್ಲಿಕ್ಕೆ ಆಗ್ಲಿಲ್ಲ."

"ಮನುಷ್ಯರ ಲೆಕ್ಕಕ್ಕೆ ಕಟ್ಟಿದ್ದಲ್ವಾ?"

"ಹೌದು ಅಪ್ಪ."

"ಹಾಗಾದರೆ ಅಡ್ಡಿಯಿಲ್ಲ."

ನಮ್ಮ ಹಲಸಿನ ಮರದ ತಂತಿ ಈಗ ಹೇಗಿದೆ ಅಂತ ಕೇಳಿದೆ. ಹಟ್ಟಿಯಲ್ಲಿ ದನಗಳಿಲ್ಲದೆ ಎಷ್ಟೋ ವರ್ಷ ಆಯಿತು. ಟಯರಿನ ತುಂಡಿನ ಸಮೇತ ತಂತಿಯನ್ನು ಮರ ನುಂಗಿದೆಯಂತೆ. ಹೊರಗೆ ಒಂದು ಮೊಳ ಮಾತ್ರ ಕಾಣುತ್ತದಂತೆ. ಈ ವರ್ಷ ಹಲಸು ಚೆನ್ನಾಗಿ ಬಿಟ್ಟಿದೆ ಅಂದರು.

ಮಗಳು ತೆಗೆದ ಫೋಟೊಗಳನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಐದು ನಿಮಿಷಕ್ಕೆ ತಮ್ಮನ ಫೋನಿನಿಂದ ಅಪ್ಪನ ದನಿ ಬಂತು. "ನಿನ್ನದು ಚಂದ ಬಂದಿದೆ ಮಗಾ. ಆಚೆ ತುದಿಯಲ್ಲಿ ತಂತಿ ಎಂತದಕ್ಕೆ ಕಟ್ಟಿದ್ದಾರೆ, ಅದರದ್ದು ಒಂದು ಕಳಿಸು."

ಅದರ ಫೋಟೊ ಇಲ್ಲ. ಶನಿವಾರ ಮತ್ತೆ ಹೋಗಬೇಕು.