ಚಪ್ಪಲಿ ನೋಡಿ ಹೇಳಿದ ಫೀಸು

ಜೂನ್ 9, 2025, ಸೋಮವಾರ, ಮೈಸೂರು

'ಲಾಗಿ' ಹುಡುಗ ಇವತ್ತೂ ನನ್ನ ಮಾತಿನ ತರಬೇತಿಯ ಕ್ಲಿನಿಕ್ಕಿಗೆ ಬರಲಿಲ್ಲ. ಇದು ಮೂರನೇ ವಾರ. ಏಳು ವರ್ಷದವನು, ರಕಾರ ನಾಲಿಗೆಗೆ ಒಗ್ಗಿಲ್ಲ, ರಾಗಿಮುದ್ದೆ ಅವನ ಬಾಯಲ್ಲಿ ಲಾಗಿಮುದ್ದೆ. ಕೊನೆಯ ಸಲ ಬಂದಾಗ ನಾಲಿಗೆ ತುದಿ ಅಂಗುಳಕ್ಕೆ ತಾಗಿ ಒಂದೇ ಒಂದು 'ರ' ನಡುಗಿತ್ತು. ಅವನಿಗಿಂತ ಹೆಚ್ಚು ನಾನೇ ಕುಣಿದಿದ್ದೆ.

ಅವರಮ್ಮ ಫೋನ್ ಎತ್ತುತ್ತಿಲ್ಲ. ರಿಜಿಸ್ಟರ್ ತೆಗೆದು ನೋಡಿದರೆ ನಾಲ್ಕು ತಿಂಗಳೂ 600, 600, 600. ನಮ್ಮಲ್ಲಿ ಒಂದು ಸೆಷನ್ನಿಗೆ ಮೂರು ದರ: 600, 350, 150. "ಕಮ್ಮಿ ಫೀಸೂ ಇದೆ ಅಂತ ಅವರಿಗೆ ಹೇಳಿದ್ವಾ?" ಅಂತ ಕೌಂಟರಿನ ಅಕ್ಕನನ್ನು ಕೇಳಿದೆ.

"ಅನುಕೂಲಸ್ಥರ ಥರ ಕಂಡ್ರು ಮೇಡಂ. ಹೊಸ ಚಪ್ಪಲಿ ಹಾಕ್ಕೊಂಡಿದ್ರು."

ಅಕ್ಕನ ಮೇಲೆ ರೇಗಿದೆ, ಆಮೇಲೆ ನಾಚಿಕೆಯಾಯಿತು. "ಜನ ನೋಡಿ ಹೇಳಿ" ಅಂದವಳು ನಾನೇ ತಾನೆ? ಅವರು ನೋಡಿದರು. ಶಾಲೆ ಶುರುವಾದ ತಿಂಗಳು ಬೇರೆ. ಪುಸ್ತಕ, ಯೂನಿಫಾರ್ಮು, ವ್ಯಾನಿನ ದುಡ್ಡು ಎಲ್ಲ ಒಟ್ಟಿಗೆ ಬೀಳುತ್ತೆ.

ಜೂನ್ 11, ಬುಧವಾರ

ರಾತ್ರಿ ಲೆಕ್ಕ ಹಾಕಿದೆ. ಬಾಡಿಗೆ, ಅಕ್ಕನ ಸಂಬಳ, ಕರೆಂಟು ಎಲ್ಲ ಸೇರಿ ತಿಂಗಳಿಗೆ 41,000. ಸೆಷನ್ನುಗಳು ಸುಮಾರು 160. ಅಂದರೆ ನಾನು ಒಂದು ರೂಪಾಯಿ ಮುಟ್ಟದಿದ್ದರೂ ಒಂದು ಸೆಷನ್ನಿಗೆ 256 ಖರ್ಚು. 150 ಕೊಡುವವರಿಂದ 106 ಕೈಬಿಡುತ್ತೆ, 600 ಕೊಡುವವರಿಂದ 344 ಉಳಿಯುತ್ತೆ. ಒಬ್ಬರು ಪೂರ್ತಿ ಕೊಟ್ಟರೆ ಮೂವರನ್ನು ಹೊರಬಹುದು, ನನಗೆ 26 ರೂಪಾಯಿ. ಒಂದು ಬೈಟೂ ಕಾಫಿ.

ಹಾಗಾದರೆ ಆದಾಯದ ಕಾಗದ ಕೇಳೋಣವೇ? ಶ್ರವಣ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಹಾಗೇ ಇದೆ. ತಿಂಗಳ ಆದಾಯ 22,500ರವರೆಗೆ ಪೂರ್ತಿ ನೆರವು, ಅಲ್ಲಿಂದ 30,000ದವರೆಗೆ ಅರ್ಧ. 22,400 ದುಡಿಯುವವನಿಗೂ 22,600 ದುಡಿಯುವವನಿಗೂ ಮನೆಯಲ್ಲಿ ಬೇಯುವುದು ಅದೇ ಅಕ್ಕಿ, ಆದರೆ ಒಬ್ಬ ಅರ್ಧ ಬೆಲೆ ತೆರಬೇಕು. ಸರ್ಕಾರಕ್ಕೆ ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕು, ಒಪ್ಪಿದೆ. ಆದರೆ ದಿನಕ್ಕಿಷ್ಟು ಅಂತ ದುಡಿಯುವ ಗಾರೆಯವರು, ಹೂ ಮಾರುವವರು ನನಗೆ ಯಾವ ಕಾಗದ ತಂದು ತೋರಿಸಬೇಕು? ತಹಶೀಲ್ದಾರರ ಸರ್ಟಿಫಿಕೇಟಿಗೆ ಒಂದು ದಿನದ ಕೂಲಿ ಹೋದರೆ ನನ್ನ ರಿಯಾಯಿತಿಯೇ ಕರಗಿತು.

ಜೂನ್ 12, ಗುರುವಾರ

ಮದುರೈನ ಅರವಿಂದ ಕಣ್ಣಾಸ್ಪತ್ರೆ ನೆನಪಾಯಿತು. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ನಿವೃತ್ತಿಯಾದ ಮೇಲೆ 11 ಹಾಸಿಗೆಯಿಂದ ಶುರುಮಾಡಿದ್ದು. ಅಲ್ಲಿ ಆದಾಯದ ಪುರಾವೆ ಕೇಳುವುದಿಲ್ಲ, ದುಡ್ಡು ಕೊಡುವ ಕಡೆ ಹೋಗುತ್ತೀರೋ ಉಚಿತದ ಕಡೆಗೋ ನೀವೇ ಆರಿಸಿಕೊಳ್ಳಿ. ಕೊಟ್ಟವರಿಗೆ ರೂಮು, ಕೊಡದವರಿಗೆ ಸಾಲು ಚಾಪೆ. ಅನುಕೂಲ ಇದ್ದವರು ತಾವಾಗಿಯೇ ರೂಮಿನ ಕಡೆ ನಡೆಯುತ್ತಾರೆ.

ನನ್ನಲ್ಲಿ ಆ ಚಾಪೆಯೇ ಇಲ್ಲವಲ್ಲ! ಎಲ್ಲರಿಗೂ ಅದೇ ಕುರ್ಚಿ, ಅದೇ ಕನ್ನಡಿ, ಅದೇ 45 ನಿಮಿಷ. 600 ಕೊಡುವವರು ಯಾಕೆ ಕೊಡಬೇಕು? ಅವರ ಮನಸ್ಸನ್ನೇ ನಂಬಬೇಕು. ಅಕ್ಕನ ಪ್ರಕಾರ, ಅವರವರಿಗೇ ಆರಿಸೋಕೆ ಬಿಟ್ಟರೆ ನಾಳೆಯಿಂದ ಊರೆಲ್ಲ 150.

ಜೂನ್ 14, ಶನಿವಾರ

ನಿನ್ನೆ ಬೋರ್ಡು ಹಾಕಿದೆವು. ಮೂರೂ ದರ ದಪ್ಪಕ್ಷರದಲ್ಲಿ, ಕೆಳಗೆ 'ನಿಮಗೆ ಹೊಂದುವುದನ್ನು ಹೇಳಿ, ಕಾಗದ ಬೇಡ'. ಗಟ್ಟಿಯಾಗಿ ಹೇಳಲು ಮುಜುಗರವಾದೀತೆಂದು ಚೀಟಿ, ಪೆನ್ಸಿಲ್ ಇಟ್ಟೆವು.

ಎರಡು ದಿನಕ್ಕೆ ಹದಿನಾಲ್ಕು ಚೀಟಿ: 600 ಏಳು, 350 ನಾಲ್ಕು, 150 ಮೂರು. ಆ ಮೂರರಲ್ಲಿ ಒಂದು, ಬಾಡಿಗೆಗೆ ಎರಡು ಮನೆ ಬಿಟ್ಟವರದು. ನುಂಗಿಕೊಂಡೆ, ಆದರೂ ಇಡೀ ಸೆಷನ್ ಅವರ ಮಗುವಿನ ಮುಖ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆ. ತಪ್ಪು ನನ್ನದೇ.

ಇಡ್ಲಿ ಗಾಡಿಯ ಅಮ್ಮ ಮಾತ್ರ ನಗಿಸಿದರು. ಅವರಿಗೆ ಮೊದಲಿಂದ 150 ಇತ್ತು, ಚೀಟಿಯಲ್ಲಿ 350 ಬರೆದಿದ್ದರು. ಯಾಕಮ್ಮಾ ಅಂದರೆ, "ನೂರೈವತ್ತು ಕೊಟ್ರೆ ನೀವು ಲೇಟ್ ಮಾಡ್ದಾಗ ಬೈಯೋಕಾಗಲ್ಲ ಮೇಡಂ."

ಸಂಜೆ ಬೋರ್ಡಿನ ಫೋಟೋ ತೆಗೆದು ಲಾಗಿ ಹುಡುಗನ ಅಮ್ಮನಿಗೆ ವಾಟ್ಸಾಪ್ ಮಾಡಿದೆ. ಏನೂ ಬರೆಯಲಿಲ್ಲ, ಬರೀ ಫೋಟೋ. ನೀಲಿ ಗೆರೆ ಎರಡೂ ಬಿದ್ದಿವೆ, ಉತ್ತರ ಬಂದಿಲ್ಲ. ಸೋಮವಾರ ಸಂಜೆ ಐದೂವರೆಗೆ ಬೇರೆ ಯಾರನ್ನೂ ಹಾಕಬೇಡಿ ಅಂತ ಅಕ್ಕನಿಗೆ ಹೇಳಿದ್ದೇನೆ.