ಗುಳಿಗೆ ಚೀಲ ಹಿಡಿದು ಓಡಾಡಿದ ದಿನ

ಕಳೆದ ಬೇಸಿಗೆಯಲ್ಲಿ ದೊಡ್ಡವ್ವನನ್ನು ನೋಡಲು ಕಾರಟಗಿ ಕಡೆಯ ಅವಳ ಊರಿಗೆ ಹೋಗಿದ್ದೆ. ಅವಳಿಗೀಗ 72 ವರ್ಷ. ಬಿಪಿ, ಶುಗರ್ ಎರಡೂ ಇವೆ. ಮಾತಾಡುತ್ತಾ ಅವಳ ಗುಳಿಗೆ ಚೀಲ ತೆಗೆದು ನೋಡಿದೆ. ಬಿಲ್ಲಿನ ತಾರೀಖು ನೋಡಿದರೆ ಸ್ಟ್ರಿಪ್‌ಗಳು ಎಂದೋ ಖಾಲಿಯಾಗಬೇಕಿತ್ತು. ಅರ್ಧದಷ್ಟು ಹಾಗೇ ಉಳಿದಿದ್ದವು.

"ಇವು ಯಾಕ ಉಳದಾವು ದೊಡ್ಡವ್ವ?" ಅಂದೆ.

"ಒಂದಿನ ಬಿಟ್ಟು ಒಂದಿನ ತಗೊಂತೀನಿ ತಂಗಿ. ಹಂಗ ಮಾಡಿದ್ರ ಒಮ್ಮಿ ತಂದದ್ದು ಎರಡು ತಿಂಗಳು ಬರ್ತಾವ. ಇಲ್ಲಾಂದ್ರ ರೊಕ್ಕ ಎಲ್ಲಿಂದ ತರ್ಲಿ?"

ಅಳು, ಬೇಸರ ಏನೂ ಇರಲಿಲ್ಲ ಆ ಮಾತಿನಲ್ಲಿ. ಎಣ್ಣೆ, ಬೇಳೆ ತಿಂಗಳಪೂರ್ತಿ ಬರುವ ಹಾಗೆ ಹೊಂದಿಸುತ್ತಾಳಲ್ಲ, ಗುಳಿಗೆಯನ್ನೂ ಹಾಗೇ ಹೊಂದಿಸಿದ್ದಳು. ನನಗೆ ಮಾತ್ರ ಭಯವಾಯಿತು. ಅವಳ ಸ್ವಂತ ತಮ್ಮ, ನಮ್ಮ ಮಾವ, ಬಿಪಿ ಗುಳಿಗೆ ನಡುವೆ ಬಿಟ್ಟು ಲಕ್ವ ಹೊಡೆದು ಹಾಸಿಗೆ ಹಿಡಿದದ್ದನ್ನು ನಮ್ಮ ಇಡೀ ಮನೆ ನೋಡಿದೆ. ಅವಳೂ ನೋಡಿದ್ದಾಳೆ. ಗೊತ್ತಿದ್ದೂ ಹೀಗೆ ಮಾಡುತ್ತಿದ್ದಾಳೆ ಎಂದರೆ ಬೇರೆ ದಾರಿ ಇಲ್ಲ ಅಂತಲೇ ಅಲ್ವಾ?

ಬಿಲ್ 1,600 ರೂಪಾಯಿಯ ಮೇಲಿತ್ತು. ಅವಳಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ, ಊರಲ್ಲಿ ಎಲ್ಲರೂ ಪಗಾರ ಅನ್ನೋದು, ತಿಂಗಳಿಗೆ 1,200. ಗೃಹಲಕ್ಷ್ಮಿಯ 2,000 ಕೂಡ ಬರುತ್ತದೆ. ಅದು ಬಂದ ತಿಂಗಳು ಕಿರಾಣಿ ಅಂಗಡಿಯ ಬಾಕಿಗೆ, ಮೊಮ್ಮಗಳ ಓದಿಗೆ ಹೋಗುತ್ತದೆ. ಮಗ, ಸೊಸೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾರೆ. ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಇವಳ ಹತ್ತಿರ ಇದ್ದಾಳೆ. ಅಕ್ಕಿ ರೇಷನ್ನಿನಲ್ಲಿ ಸಿಗುತ್ತದೆ. ಗುಳಿಗೆ ಸಿಗುವುದಿಲ್ಲ.

"ನಿನ್ನ ಹತ್ರ ಐದು ಲಕ್ಷದ ಕಾರ್ಡ್ ಐತಲ್ಲ?" ಎಂದು ಪಕ್ಕದಲ್ಲಿ ಕೂತಿದ್ದ ಒಬ್ಬರು ಕೇಳಿದರು. ಕಾರ್ಡ್ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಅದು ನಡೆಯುವುದು ಆಸ್ಪತ್ರೆಗೆ ಅಡ್ಮಿಟ್ ಆದರೆ. ಆಪರೇಷನ್ನಿಗೆ, ಐಸಿಯುಗೆ, ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟಿಗೆ. ಮನೆಯಲ್ಲಿ ದಿನಾ ನುಂಗುವ ಗುಳಿಗೆಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 70 ದಾಟಿದವರಿಗೆಲ್ಲ ಶುರು ಮಾಡಿದ ವಯ ವಂದನಾ ಕಾರ್ಡಿನದೂ ಇದೇ ಕತೆ. ದೊಡ್ಡ ಕಾಯಿಲೆಗೆ ಇಷ್ಟು ದೊಡ್ಡ ಆಸರೆ ಇರುವುದು ನಿಜಕ್ಕೂ ಒಳ್ಳೆಯದು. ಆದರೆ ಆ ದೊಡ್ಡ ಕಾಯಿಲೆ ಬರದ ಹಾಗೆ ತಡೆಯುವುದು ಈ ದಿನದ ಗುಳಿಗೆಯೇ. ಅದಕ್ಕೆ ಯಾರು ಕೊಡಬೇಕು?

ಮರುದಿನ ಬೆಳಿಗ್ಗೆ ಗುಳಿಗೆ ಚೀಲ, ಹಳೆ ಚೀಟಿಗಳು, ಆಧಾರ್, ರೇಷನ್ ಕಾರ್ಡ್ ಎಲ್ಲ ಹಿಡಿದು ಇಬ್ಬರೂ ಹೊರಟೆವು. ಮೊದಲು ಹೋದದ್ದು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. "ಅಲ್ಲಿ ಬರೇ ಜ್ವರದ ಗುಳಿಗಿ ಕೊಡ್ತಾರ" ಎಂದು ದೊಡ್ಡವ್ವ ದಾರಿಯುದ್ದಕ್ಕೂ ಗೊಣಗಿದಳು. ಊರಲ್ಲಿ ತುಂಬಾ ಜನ ಹಾಗೇ ತಿಳಿದಿದ್ದಾರೆ. ಬಿಪಿ, ಶುಗರ್‌ಗೆ ಅಲ್ಲಿ ಬೇರೆ ರಿಜಿಸ್ಟರೇ ಇರುತ್ತದೆ. 30 ದಾಟಿದ ಯಾರು ಹೋದರೂ ಎರಡನ್ನೂ ನೋಡುತ್ತಾರೆ. ಕಾಯಿಲೆ ಇದ್ದರೆ ಹೆಸರು ಬರೆದುಕೊಂಡು ಗುಳಿಗೆಯನ್ನು ಪುಕ್ಕಟೆ ಕೊಡುತ್ತಾರೆ. ಇದನ್ನೇ ಮನೆ ಬಾಗಿಲಿಗೆ ಒಯ್ಯಲು ರಾಜ್ಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಅಂತ ಶುರು ಮಾಡಿತು. ಆಮೇಲೆ ಬೇರೆ ಜಿಲ್ಲೆಗಳಿಗೂ ತಂದಿತು.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಬಿಪಿ ನೋಡಿದಳು, 170ರ ಮೇಲಿತ್ತು. ಖಾಸಗಿ ದವಾಖಾನೆಯ ಚೀಟಿಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದಳು. ಆಮೇಲೆ ನನಗೆ ಹೊಳೆಯದೇ ಇದ್ದದ್ದನ್ನು ತೋರಿಸಿದಳು. ಮೊದಲ ಚೀಟಿಯಲ್ಲಿ ಬಿಪಿಗೆ ಒಂದೇ ಗುಳಿಗೆ ಇತ್ತು. ಇವಳು ಅದನ್ನು ದಿನ ಬಿಟ್ಟು ದಿನ ತಗೊಂಡಳು. ಬಿಪಿ ಇಳಿಯಲಿಲ್ಲ. ಇಳಿಯಲಿಲ್ಲ ಅಂತ ಮುಂದಿನ ಸಲ ಇನ್ನೊಂದು ಗುಳಿಗೆ ಸೇರಿಸಿದ್ದರು. ಬಿಲ್ ಏರಿತು. ಬಿಲ್ ಏರಿದ್ದಕ್ಕೆ ಇವಳು ಮತ್ತಷ್ಟು ಬಿಟ್ಟಳು. ರೊಕ್ಕ ಇಲ್ಲ ಅಂತ ಇವಳು ಹೇಳಿರಲಿಲ್ಲ. "ದಿನಾ ತಗೊಳ್ತೀರಾ?" ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ಈ ಡಾಕ್ಟರು ಕೇಳಿದಳು. "ಅಜ್ಜಿ, ಖರೇ ಹೇಳ್ರಿ, ನಾ ಏನೂ ಬೈಯಂಗಿಲ್ಲ" ಎಂದಳು. ದೊಡ್ಡವ್ವ ಎಲ್ಲ ಹೇಳಿದಳು. ಆ ಒಂದು ಪ್ರಶ್ನೆ ಕೇಳಲು ಎರಡು ನಿಮಿಷ ಸಾಕು. ಬಡವರ ಮನೆಯ ವಯಸ್ಸಾದವರು ಯಾರೇ ಬಂದರೂ ಬಿಪಿ ಪಟ್ಟಿ ಕಟ್ಟುವ ಮೊದಲು ಇದನ್ನು ಕೇಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಶುಗರಿನ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿಪಿಯ ಅಮ್ಲೋಡಿಪಿನ್ ಒಂದು ತಿಂಗಳಿಗಾಗುವಷ್ಟು ಅಲ್ಲೇ ಸಿಕ್ಕವು, ಪುಕ್ಕಟೆ. ಬಿಪಿಯದೇ ಇನ್ನೊಂದು ಗುಳಿಗೆ ಟೆಲ್ಮಿಸಾರ್ಟನ್, ಕೊಲೆಸ್ಟ್ರಾಲಿನ ಅಟೋರ್ವಾಸ್ಟಾಟಿನ್ ಸ್ಟಾಕ್ ಇರಲಿಲ್ಲ. ಅವೆರಡನ್ನೂ ಡಾಕ್ಟರು ಕಂಪನಿ ಹೆಸರು ಬಿಟ್ಟು ಔಷಧಿಯ ಹೆಸರಿನಲ್ಲೇ, ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಳು. ಇದು ಸಣ್ಣ ವಿಷಯವಲ್ಲ. ಚೀಟಿಯಲ್ಲಿ ಕಂಪನಿಯ ಬ್ರ್ಯಾಂಡ್ ಬರೆದಿದ್ದರೆ, ಒಳಗಿನ ಔಷಧಿ ಒಂದೇ ಆದರೂ ಮೆಡಿಕಲ್ ಅಂಗಡಿಯವರು ತಾವಾಗಿಯೇ ಬೇರೆ ಬ್ರ್ಯಾಂಡ್ ಕೊಡುವಂತಿಲ್ಲ. ಔಷಧಿ ಕಾಯ್ದೆಯ ನಿಯಮವೇ ಹಾಗಿದೆ. ಅಂದರೆ ನಮ್ಮ ದೊಡ್ಡವ್ವನ ಖರ್ಚು ಎಷ್ಟು ಎನ್ನುವುದು ಡಾಕ್ಟರ ಪೆನ್ನಿನ ತುದಿಯಲ್ಲಿ ತೀರ್ಮಾನ ಆಗುತ್ತದೆ. ಜೆನೆರಿಕ್ ಹೆಸರನ್ನು, ಅಂದರೆ ಒಳಗಿನ ಔಷಧಿಯ ಹೆಸರನ್ನು, ಓದಲು ಬರುವ ಹಾಗೆ ಬರೆಯಿರಿ ಎಂದು ಮೆಡಿಕಲ್ ಕೌನ್ಸಿಲ್ 2016ರಲ್ಲೇ ಡಾಕ್ಟರುಗಳಿಗೆ ಹೇಳಿತ್ತು. ಬರೆಯುವವರು ಈಗಲೂ ಕಡಿಮೆಯೇ.

ಆ ಎರಡು ಗುಳಿಗೆಗಾಗಿ ಅಲ್ಲಿಂದ ಗಂಗಾವತಿ ಬಸ್ಸು ಹತ್ತಿದೆವು. ಶಕ್ತಿ ಯೋಜನೆಯಿಂದ ನಮಗಿಬ್ಬರಿಗೂ ಟಿಕೆಟ್ ರೊಕ್ಕ ಇರಲಿಲ್ಲ. ಬಿಸಿಲಿನ ಬಗ್ಗೆ ನಾನು ಹೇಳುವುದೇ ಬೇಡ, ಈ ಕಡೆಯವರಿಗೆ ಗೊತ್ತು.

ಗಂಗಾವತಿಯ ಜನೌಷಧಿ ಅಂಗಡಿಯಲ್ಲಿ, ಅಂದರೆ ಕೇಂದ್ರ ಸರ್ಕಾರದ ಯೋಜನೆಯ ಸೋವಿ ಔಷಧಿ ಅಂಗಡಿಯಲ್ಲಿ, ಜನ ಕಡಿಮೆ ಇದ್ದರು. ಎರಡು ಗುಳಿಗೆ ಒಂದು ತಿಂಗಳಿಗೆ ಸೇರಿ ಬಿಲ್ 70 ರೂಪಾಯಿಯೂ ಆಗಲಿಲ್ಲ. ಪುಕ್ಕಟೆ ಸಿಕ್ಕಿದ್ದನ್ನೂ ಸೇರಿಸಿ ಎಲ್ಲವನ್ನೂ ಅಲ್ಲೇ ಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂದು ಕೇಳಿದೆ. 300ರ ಒಳಗೇ ಆಗುತ್ತಿತ್ತು.

ದೊಡ್ಡವ್ವನಿಗೆ ಖುಷಿಗಿಂತ ಅನುಮಾನ ಜಾಸ್ತಿ ಆಯಿತು. "ಇಷ್ಟು ಸೋವಿ ಗುಳಿಗಿ ಮೈಗೆ ಹತ್ತತಾವೇನ್ ತಮ್ಮಾ?" ಎಂದು ಅಂಗಡಿಯ ಹುಡುಗನನ್ನೇ ಕೇಳಿದಳು. ಆ ಹುಡುಗ ಬೇಸರ ಮಾಡಿಕೊಳ್ಳದೆ ಹಳೆ ಸ್ಟ್ರಿಪ್, ಹೊಸ ಸ್ಟ್ರಿಪ್ ಎರಡನ್ನೂ ಹಿಡಿದು ತೋರಿಸಿದ. ಒಳಗಿನ ಔಷಧಿ ಅದೇ, ಮಿಲಿಗ್ರಾಂ ಅದೇ. ಬ್ರ್ಯಾಂಡಿನ ಹೆಸರಿಗೆ, ಪ್ರಚಾರಕ್ಕೆ ಕೊಡುವ ರೊಕ್ಕ ಮಾತ್ರ ಇದರಲ್ಲಿ ಇಲ್ಲ. ಪ್ರತಿ ಬ್ಯಾಚನ್ನೂ ಮಾನ್ಯತೆ ಇರುವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಯೇ ಅಂಗಡಿಗೆ ಕಳಿಸುತ್ತಾರೆ. ಜನೌಷಧಿ ಶುರುವಾದದ್ದು 2008ರಲ್ಲಿ. ಬ್ರ್ಯಾಂಡಿನ ಬೆಲೆಗಿಂತ ಶೇಕಡಾ 50ರಿಂದ 80ರವರೆಗೆ ಕಡಿಮೆಗೆ ಮಾರುತ್ತಾರೆ. ಇಷ್ಟು ವರ್ಷ ಆದ ಮೇಲೂ ಇದು ಯಾರಿಗೆ ಹೆಚ್ಚು ಬೇಕೋ ಅವರಿಗೇ ಗೊತ್ತಿಲ್ಲ.

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಆವರಣದೊಳಗಿನ ಜನೌಷಧಿ ಅಂಗಡಿಗಳನ್ನು ಮುಚ್ಚಿಸಲು ಹೊರಟಿತ್ತು. ಆಸ್ಪತ್ರೆಯಲ್ಲಿ ಪುಕ್ಕಟೆಯೇ ಕೊಡುವಾಗ ಅಲ್ಲೇ ಮಾರುವ ಅಂಗಡಿ ಯಾಕೆ ಎನ್ನುವುದು ಅವರ ವಾದ. ವಿಷಯ ಹೈಕೋರ್ಟಿಗೂ ಹೋಯಿತು. ವಾದದಲ್ಲಿ ಹುರುಳಿದೆ. ಎಲ್ಲ ಗುಳಿಗೆಯೂ ಎಲ್ಲ ದಿನವೂ ಪುಕ್ಕಟೆ ಸಿಗುವುದಾದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದರೆ ಆ ದಿನ ನಮಗೆ ಎರಡೂ ಬೇಕಾದವು. ಒಂದು ಕಡೆ ಇಲ್ಲದ್ದು ಇನ್ನೊಂದು ಕಡೆ ಸಿಕ್ಕಿತು. ರಾಜ್ಯದ್ದು, ಕೇಂದ್ರದ್ದು ಅಂತ ಜಗಳ ಮಾಡುವವರು ಸ್ವಲ್ಪ ಈ ಮುದುಕಿಯ ಚೀಲವನ್ನು ನೋಡಬೇಕು.

ಊರಿಗೆ ವಾಪಸ್ ಬರುವಾಗ ಕತ್ತಲಾಗಿತ್ತು. ಮೊಮ್ಮಗಳು ಒಂದೊಂದೇ ಸ್ಟ್ರಿಪ್ ತೆಗೆದು ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಅಂತ ಕನ್ನಡದಲ್ಲಿ ಬರೆದು ಅಂಟಿಸಿದಳು. ಅಷ್ಟರಲ್ಲಿ ಸುದ್ದಿ ಹೇಗೆ ಹರಡಿತೋ, ಓಣಿಯವರು ಒಬ್ಬೊಬ್ಬರೇ ತಮ್ಮ ಚೀಟಿ ಹಿಡಿದು ಬಂದರು.

ಅದರಲ್ಲಿ ಒಬ್ಬ ಅಜ್ಜ. ಎದೆನೋವು ಬಂದು ಇದೇ ಐದು ಲಕ್ಷದ ಕಾರ್ಡಿನಲ್ಲಿ ಸ್ಟೆಂಟ್ ಹಾಕಿಸಿಕೊಂಡವರು. ಕೈಯಿಂದ ಒಂದು ರೂಪಾಯಿ ಹೋಗಲಿಲ್ಲ ಎಂದು ಸರ್ಕಾರವನ್ನು ಬಾಯ್ತುಂಬಾ ಹೊಗಳಿದರು. ಆಯುಷ್ಮಾನ್ ನಿಯಮದಲ್ಲಿ ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ಕೊಡುತ್ತಾರೆ. ಅದು ಮುಗಿದ ಮೇಲೆ ತಮ್ಮ ರೊಕ್ಕದಲ್ಲಿ ಸ್ವಲ್ಪ ದಿನ ತಂದಿದ್ದಾರೆ. ಆಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಗುಳಿಗೆಯನ್ನೇ ನಿಲ್ಲಿಸಿಬಿಟ್ಟಿದ್ದಾರೆ. ಸ್ಟೆಂಟ್ ಮತ್ತೆ ಕಟ್ಟಿಕೊಳ್ಳಬಹುದು, ಜೀವಕ್ಕೇ ಅಪಾಯ ಅಂತ ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ. ಸರ್ಕಾರ ಲಕ್ಷಗಟ್ಟಲೆ ಖರ್ಚು ಮಾಡಿ ಉಳಿಸಿದ ಜೀವ ಅದು. ಅದೇ ಕಾರ್ಡಿಗೆ ತಿಂಗಳ ಗುಳಿಗೆಯನ್ನೂ ಸೇರಿಸಿ, ಮೂರು ತಿಂಗಳದ್ದು ಒಟ್ಟಿಗೆ ಊರಿನ ಆರೋಗ್ಯ ಉಪಕೇಂದ್ರದಲ್ಲೇ ಕೊಟ್ಟರೆ ಆಗುವ ಖರ್ಚು ಅದರ ಮುಂದೆ ಎಷ್ಟು ಮಹಾ? ನಮ್ಮ ಶಾಸಕರು, ಜಿಲ್ಲೆಯ ಆರೋಗ್ಯ ಅಧಿಕಾರಿಗಳು ಈ ಒಂದು ಕೆಲಸಕ್ಕೆ ಕೂತು ಮಾತಾಡಬೇಕು ಎಂದು ಕೈಮುಗಿದು ಕೇಳುತ್ತೇನೆ.

ಮರುದಿನವೇ ಅಜ್ಜನನ್ನು ಅವರ ಮೊಮ್ಮಗ ಬೈಕಿನಲ್ಲಿ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಗುಳಿಗೆ ಮತ್ತೆ ಶುರುವಾಯಿತು. ದೊಡ್ಡವ್ವನ ಬಿಪಿ ಮುಂದಿನ ತಿಂಗಳು 140ರ ಹತ್ತಿರಕ್ಕೆ ಬಂತು. ಹೀಗೇ ಇದ್ದರೆ ಖಾಸಗಿ ದವಾಖಾನೆಯಲ್ಲಿ ಸೇರಿಸಿದ್ದ ಎರಡನೇ ಬಿಪಿ ಗುಳಿಗೆಯನ್ನು ತೆಗೆದುಬಿಡೋಣ ಎಂದು ಡಾಕ್ಟರು ಹೇಳಿದ್ದಾಳೆ. ಆ ಸಲ ಟೆಲ್ಮಿಸಾರ್ಟನ್ ಆರೋಗ್ಯ ಕೇಂದ್ರಕ್ಕೇ ಬಂದಿತ್ತು. ಅಟೋರ್ವಾಸ್ಟಾಟಿನ್ ಬಂದಿರಲಿಲ್ಲ. ಅದನ್ನು, ಅಜ್ಜನದೂ ಸೇರಿಸಿ, ಮೊಮ್ಮಗಳು ಗಂಗಾವತಿಯಿಂದ ತಂದಳು.