‘ರಕ್ಷಣೆ ಹೊಂದಿ ಇಷ್ಟು ವರ್ಷವಾದರೂ ನಾನೇಕೆ ಬದಲಾಗಿಲ್ಲ?’

ಮಂಡ್ಯದ ನಮ್ಮ ಕ್ರೈಸ್ತ ಸಭೆಯಲ್ಲಿ ಶುಕ್ರವಾರ ಸಂಜೆಯ ಗೃಹಕೂಟವನ್ನು ನಡೆಸುವ ಹೊಣೆ ನನ್ನ ಪಾಲಿಗೆ ಬಂದ ಮೇಲೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು. ರಕ್ಷಣೆ ಅಂದರೆ ಕ್ರಿಸ್ತನನ್ನು ನಂಬಿ ಪಾಪದಿಂದ ಬಿಡುಗಡೆ ಹೊಂದುವುದು. ಕೂಟ ಮುಗಿದು, ಎಲ್ಲರೂ ಟೀ ಕುಡಿದು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಯಾರಾದರೊಬ್ಬರು ಹಿಂದೆ ಉಳಿದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಕಳೆದ ತಿಂಗಳು ಕೇಳಿದವರ ಮಾತು ಹೀಗಿತ್ತು: “ಅಣ್ಣಾ, ದೀಕ್ಷಾಸ್ನಾನ ತಗೊಂಡು 12 ವರ್ಷ ಆಯ್ತು. ಕೋಪ ಮಾತ್ರ ಹಂಗೇ ಅದೆ. ನಂಗೆ ನಿಜವಾಗ್ಲೂ ರಕ್ಷಣೆ ಆಗಿದ್ಯಾ?”

ಈ ಪ್ರಶ್ನೆ ಹುಟ್ಟುವುದಕ್ಕೆ ನಾವು ಹೇಳುವ ಸಾಕ್ಷಿಗಳೂ ಸ್ವಲ್ಪ ಕಾರಣವೆಂದು ನನಗೆ ಅನ್ನಿಸುತ್ತದೆ. ಕುಡಿತದಲ್ಲಿ ಮುಳುಗಿದ್ದವನು ಒಂದೇ ರಾತ್ರಿಯಲ್ಲಿ ಅದನ್ನು ಬಿಟ್ಟ ಕಥೆಯನ್ನು ನಾವು ವೇದಿಕೆಯ ಮೇಲೆ ಹೇಳಿಸುತ್ತೇವೆ. ಅದು ನಿಜ, ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಅಂಥದ್ದನ್ನೇ ಕೇಳಿ ಕೇಳಿ, ಹೊಸದಾಗಿ ಹುಟ್ಟುವುದೂ ಬೆಳೆಯುವುದೂ ಒಂದೇ ಗಳಿಗೆಯಲ್ಲಿ ಮುಗಿಯುವ ಸಂಗತಿಗಳೆಂದು ಜನ ನಂಬಿಬಿಡುತ್ತಾರೆ. ಸತ್ಯವೇದವು ಹಾಗೆ ಹೇಳುವುದಿಲ್ಲ. ಪಂಚಾಶತ್ತಮ ಹಬ್ಬದ ದಿನ ಪವಿತ್ರಾತ್ಮನನ್ನು ಹೊಂದಿ, ಸುಮಾರು 3,000 ಜನ ಸಭೆಗೆ ಸೇರುವಂತೆ ಬೋಧಿಸಿದ ಯೇಸುವಿನ ಶಿಷ್ಯ ಪೇತ್ರನೇ ಮುಂದೆ ಅಂತಿಯೋಕ್ಯದಲ್ಲಿ, ಯೆರೂಸಲೇಮಿನಿಂದ ಬಂದವರಿಗೆ ಹೆದರಿ, ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಸಂಗಡ ಊಟಕ್ಕೆ ಕೂರುವುದನ್ನು ಬಿಟ್ಟ. ಪೌಲನು ಅವನನ್ನು ಮುಖಾಮುಖಿಯಾಗಿ ಖಂಡಿಸಬೇಕಾಯಿತು. ಮಹಾಯಾಜಕನ ಅಂಗಳದಲ್ಲಿ ಒಬ್ಬ ದಾಸಿಯ ಮುಂದೆ ಯೇಸುವನ್ನು ಅರಿಯೆನೆಂದು ಹೇಳಿಸಿದ್ದ ಅದೇ ಜನಭಯ ಬೇರೆ ವೇಷದಲ್ಲಿ ಮರಳಿ ಬಂದಿತ್ತು. ಹೀಗಾಯಿತೆಂದು ಅವನು ಅಪೊಸ್ತಲನಲ್ಲವೆಂದು ಯಾರೂ ಹೇಳಲಿಲ್ಲ.

ಮೆಥೊಡಿಸ್ಟ್ ಪಂಥಕ್ಕೆ ಮೂಲಪುರುಷರಾದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯವರನ್ನೇ ನೋಡಿ. ಮೈಸೂರಿನ ವೆಸ್ಲಿ ಕೆಥೆಡ್ರಲ್ ಅವರ ಹೆಸರನ್ನೇ ಹೊತ್ತಿದೆ. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ತಮ್ಮ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದು ಅವರು ಬರೆದಿದ್ದನ್ನು ಎಲ್ಲರೂ ನೆನೆಯುತ್ತಾರೆ. ಅದಾಗಿ ಎಂಟು ತಿಂಗಳೂ ತುಂಬಿರಲಿಲ್ಲ, 1739ರ ಜನವರಿ 4ರಂದು ಅದೇ ದಿನಚರಿಯಲ್ಲಿ, ತಾನು ಈಗಲೂ ಕ್ರೈಸ್ತನಲ್ಲವೆಂದು ಅವರು ಬರೆದುಕೊಂಡರು ಎಂಬುದನ್ನು ನಮ್ಮಲ್ಲಿ ಯಾರೂ ಓದಿ ಹೇಳುವುದಿಲ್ಲ. 1742ರಿಂದ ಅವರ ಸಂಘಗಳಲ್ಲಿ ಸುಮಾರು ಹನ್ನೆರಡು ಜನರ ಚಿಕ್ಕ ಗುಂಪುಗಳು ವಾರಕ್ಕೊಮ್ಮೆ ಕೂಡಿ ಒಬ್ಬರ ಆತ್ಮದ ಸ್ಥಿತಿಯನ್ನು ಮತ್ತೊಬ್ಬರು ವಿಚಾರಿಸುವ ರೂಢಿ ಬೆಳೆಯಿತು. ಒಂದು ಸಂಜೆಯ ಬೆಚ್ಚನೆಯ ಅನುಭವ ಜೀವನಪೂರ್ತಿ ಸಾಲದೆಂಬುದನ್ನು ಅದನ್ನು ಉಂಡವರೇ ಅರಿತಿದ್ದರು.

ನನಗೆ ಈ ವಿಷಯ ಅರ್ಥವಾದದ್ದು ಗದ್ದೆಯಿಂದ. ವಿಶ್ವೇಶ್ವರಯ್ಯ ನಾಲೆಯ ನೀರು ಉಣ್ಣುವ ಬಯಲಿನಲ್ಲಿ ನಮಗೆ ಒಂದಿಷ್ಟು ಗದ್ದೆಯಿದೆ. ಒಟ್ಲು ಎಂಬ ಸಸಿಮಡಿಯಲ್ಲಿ ಗಿಳಿಹಸಿರಾಗಿದ್ದ ಸಸಿಯನ್ನು ಕಿತ್ತು ನಾಟಿ ಮಾಡಿದ ಮೇಲೆ ಕೆಲವು ದಿನ ಪೈರು ಹಳದಿ ತಿರುಗಿ, ಎಲೆ ನೀರಿನ ಮೇಲೆ ಮಲಗಿ, ನೋಡುವವರಿಗೆ ಸತ್ತೇಹೋಯಿತೇನೋ ಅನ್ನಿಸುತ್ತದೆ. ಹುಡುಗನಾಗಿದ್ದಾಗ ನಾನು ಒಂದು ಸಸಿಯನ್ನು ಎತ್ತಿ ನೋಡಿದ್ದಕ್ಕೆ ಅಪ್ಪ ಗದರಿದರು: “ಕಿತ್ತು ನೋಡಬ್ಯಾಡ ಕಣೋ, ಅದು ಬೇರು ಬಿಡ್ತಾ ಅದೆ.” ದಿನಕ್ಕೊಂದು ಸಲ ತನ್ನ ಆತ್ಮವನ್ನು ಕಿತ್ತು ನೋಡಿಕೊಂಡು, ಬೆಳೆದಿಲ್ಲವೆಂದು ಅಳುವವರಿಗೆ ನಾನು ಇಂದಿಗೂ ಅಪ್ಪನ ಈ ಮಾತನ್ನೇ ಹೇಳುತ್ತೇನೆ. ಮಾರ್ಕನ ಸುವಾರ್ತೆಯೊಂದರಲ್ಲೇ ಬರುವ ಸಾಮ್ಯದಲ್ಲಿ ಯೇಸುವೂ ಇದನ್ನೇ ಹೇಳಿದ್ದಾನೆ: ಬಿತ್ತಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಬೀಜ ಹೇಗೆ ಮೊಳೆತು ಬೆಳೆಯಿತೋ ಅವನಿಗೇ ತಿಳಿಯದು. ಭೂಮಿಯು ತನ್ನಷ್ಟಕ್ಕೆ ತಾನೇ ಮೊದಲು ಗರಿಯನ್ನು, ಆಮೇಲೆ ತೆನೆಯನ್ನು, ಆಮೇಲೆ ತೆನೆ ತುಂಬ ಕಾಳನ್ನು ಕೊಡುತ್ತದೆ.

ಹಾಗೆಂದು ರೈತನು ಕೈಕಟ್ಟಿ ಕೂರುವುದಿಲ್ಲ. ಬದು ಕಟ್ಟುತ್ತಾನೆ, ಕಳೆ ಕೀಳುತ್ತಾನೆ, ನಾಲೆಯ ಸರದಿ ಬಂದಾಗ ನಡುರಾತ್ರಿಯಾದರೂ ಎದ್ದು ಹೋಗಿ ನೀರು ತಿರುಗಿಸುತ್ತಾನೆ. ವಾಕ್ಯವನ್ನು ಓದುವುದು, ಪ್ರಾರ್ಥನೆ, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನ, ಸಹೋದರರ ಅನ್ಯೋನ್ಯತೆ, ಇವೆಲ್ಲ ನೀರು ತಿರುಗಿಸುವ ಕೆಲಸ. ಆದ್ದರಿಂದ, ಇಷ್ಟು ದಿನ ಉಪವಾಸ ಮಾಡಿದರೆ ಇಂಥ ಸ್ವಭಾವ ಹೋಗುತ್ತದೆಂದು ಬೆಲೆ ಕಟ್ಟಿ ಹೇಳುವ ಬೋಧನೆಯನ್ನು ನಾನು ಒಪ್ಪುವುದಿಲ್ಲ. ನೀರು ಕಟ್ಟುವುದು ಪೈರಿಗೆ ಕೊಡುವ ಕೂಲಿಯಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ, ನಾವು ಕ್ರಿಸ್ತನ ಸಾರೂಪ್ಯಕ್ಕೆ ಮಾರ್ಪಡುತ್ತಿದ್ದೇವೆಂದು ಪೌಲನು ಹೇಳುವಾಗ ಬಳಸಿದ ಗ್ರೀಕ್ ಕ್ರಿಯಾಪದ, ಬೆಟ್ಟದ ಮೇಲೆ ಯೇಸು ರೂಪಾಂತರಗೊಂಡನೆಂದು ಹೇಳುವಾಗ ಮತ್ತಾಯನೂ ಮಾರ್ಕನೂ ಬಳಸಿದ್ದೇ ಆಗಿದೆ. ಪೌಲನಲ್ಲಿ ಅದು ಕರ್ಮಣಿ ಪ್ರಯೋಗದಲ್ಲಿ, ವರ್ತಮಾನ ಕಾಲದಲ್ಲಿದೆ: ಮಾಡುವವನು ಬೇರೆ, ಕೆಲಸ ಇನ್ನೂ ನಡೆಯುತ್ತಿದೆ.

ಹಾಗಾದರೆ ಬೆಳೆಯುತ್ತಿದ್ದೇವೆಂದು ತಿಳಿಯುವುದು ಹೇಗೆ? ಕೂಟದಲ್ಲಿ ಕಣ್ಣೀರು ಬಂದದ್ದರಿಂದ ಅಲ್ಲ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳಿದ ಆತ್ಮನ ಫಲದಲ್ಲಿ ದೀರ್ಘಶಾಂತಿ, ದಯೆ, ಸಾಧುತ್ವ ಇವೆ. ಒಂಟಿಯಾಗಿ ಕೋಣೆಯಲ್ಲಿ ಕುಳಿತು ಇವು ತನ್ನಲ್ಲಿವೆಯೇ ಎಂದು ಅಳೆಯಲು ಬರುವುದಿಲ್ಲ. ನಾನು ಕಂಡುಕೊಂಡ ಅಳತೆ ಒಂದೇ: ತಪ್ಪು ಮಾಡಿದ ಗಳಿಗೆಗೂ ತಪ್ಪಾಯಿತೆಂದು ಹೇಳಿದ ಗಳಿಗೆಗೂ ನಡುವೆ ಎಷ್ಟು ಕಾಲ ಹಿಡಿಯಿತು? ಬದುವಿನ ವಿಷಯದಲ್ಲಿ ನನ್ನ ಅಣ್ಣನಿಗೆ ನಾನು ಆಡಬಾರದ ಮಾತನ್ನಾಡಿ ಮೂರು ವರ್ಷ ಅವರ ಮನೆಯ ಹೊಸಿಲು ತುಳಿದಿರಲಿಲ್ಲ. ಆ ಮೂರು ವರ್ಷವೂ ನಾನು ಸಭೆಯಲ್ಲಿ ವಾಕ್ಯವನ್ನು ಓದುತ್ತಿದ್ದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಹೋಗಿ ಮೊದಲು ಸಹೋದರನ ಸಂಗಡ ಒಂದಾಗು ಎಂಬ ಮಾತು ಒಂದು ಭಾನುವಾರ ಕರ್ತನ ಭೋಜನಕ್ಕೆ ಮುಂಚೆ ನನ್ನನ್ನು ಹಿಡಿದು ನಿಲ್ಲಿಸಿತು, ಮನಸ್ಸಿಲ್ಲದಿದ್ದರೂ ಹೋದೆ. ಹೋದ ವರ್ಷ ನೀರಿನ ಸರದಿಗಾಗಿ ನಮ್ಮಿಬ್ಬರಿಗೆ ಮತ್ತೆ ಮಾತಾಯಿತು. ಅಂದು ದೀಪ ಹಚ್ಚುವ ಹೊತ್ತಿಗೆ ನಾನು ಅವರ ಜಗಲಿಯ ಮೇಲಿದ್ದೆ. ಕೋಪ ಹೋಗಿರಲಿಲ್ಲ, ಆದರೆ ಮೂರು ವರ್ಷ ಒಂದು ಮಧ್ಯಾಹ್ನವಾಗಿತ್ತು.

ಕಳೆದ ತಿಂಗಳು ಪ್ರಶ್ನೆ ಕೇಳಿದವರನ್ನು ನಾನೂ ಕೇಳಿದೆ: ಕೊನೆಯ ಸಲ ಮನೆಯಲ್ಲಿ ಕೂಗಾಡಿದ ಮೇಲೆ ಏನಾಯಿತು? ಅವರು ಸ್ವಲ್ಪ ಹೊತ್ತು ನೆಲ ನೋಡಿದರು. “ಮೊದ್ಲೆಲ್ಲಾ ವಾರಗಟ್ಟಲೆ ಅವಳ ಕೂಡೆ ಮಾತಾಡ್ತಿರ್ಲಿಲ್ಲ. ಈ ಸಲ ತಟ್ಟೆ ಮುಂದೆ ಕೂತ್ರೆ ತುತ್ತೇ ಇಳೀಲಿಲ್ಲ. ಎದ್ದು ಒಳಗೋಗಿ ತಪ್ಪಾಯ್ತು ಅಂದೆ.”

“ತುತ್ತು ಇಳಿಯದಂಗೆ ಮಾಡ್ದೋರು ಯಾರು?” ಎಂದೆ. ಅವರು ಉತ್ತರ ಹೇಳಲಿಲ್ಲ. ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡವರು ಹಾಗೆಯೇ ಬಾಗಿಲಿನಲ್ಲಿ ಬಹಳ ಹೊತ್ತು ನಿಂತಿದ್ದರು.